ಬರುವವರಿಗೆ ಆಸರೆ, ಹೋಗುವವರಿಗೆ ದಾರಿ: ಎರಡೂ ಕೆಲಸ ಒಟ್ಟಿಗೆ ಮಾಡುವುದು ಹೇಗೆ?

ಹೊರದೇಶದಿಂದ ಓದಲು ಬಂದವರನ್ನು ನೋಡಿಕೊಳ್ಳುವ ಕೆಲಸ ಒಂದು ಕೋಣೆಯಲ್ಲಿ. ಇಲ್ಲಿನ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ಕೆಲಸ ಇನ್ನೊಂದು ಕೋಣೆಯಲ್ಲಿ. ಬಹಳಷ್ಟು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥೆ ಇರುವುದೇ ಹೀಗೆ. ಈ ಕೋಣೆಯವರಿಗೆ ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿರುವುದಿಲ್ಲ. ಕೊರಿಯಾಕ್ಕೆ ಒಂದು ಸೆಮಿಸ್ಟರ್ ಹೋಗಬೇಕೆಂದಿರುವ ಹುಡುಗಿ ಅಲ್ಲಿ ಬಾಡಿಗೆ ಕೋಣೆ ಹೇಗೆ ಸಿಗುತ್ತದೆ ಎಂದು ಗಂಟೆಗಟ್ಟಲೆ ವಿಡಿಯೊ ನೋಡುತ್ತಾಳೆ. ಕೊರಿಯಾದಿಂದ ಬಂದ ಹುಡುಗ ಅದೇ ಗ್ರಂಥಾಲಯದ ಮೂಲೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಇವರಿಬ್ಬರನ್ನು ಪರಿಚಯ ಮಾಡಿಸುವವರು ಯಾರೂ ಇಲ್ಲ.

ಈ ಎರಡು ಕೆಲಸಗಳನ್ನು ಒಂದಾಗಿ ಮಾಡುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಕಾಲೇಜಿನ ಸಂಯೋಜಕರಿಗೆ, ಪಾಠ ಮಾಡುವವರಿಗೆ, ವಿದ್ಯಾರ್ಥಿ ಸಂಘ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು. ದೊಡ್ಡ ಬಜೆಟ್ ಬೇಕಿಲ್ಲ. ಆದರೆ ಪ್ರತಿ ವರ್ಷ ಬಿಡದೆ ಮಾಡುವ ತಾಳ್ಮೆ ಬೇಕು. ಇವತ್ತು ಜಗತ್ತಿನಲ್ಲಿ 60 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ದೇಶ ಬಿಟ್ಟು ಬೇರೆ ದೇಶದಲ್ಲಿ ಓದುತ್ತಿದ್ದಾರೆ. ಅವರಲ್ಲಿ ಕೆಲವರು ನಿಮ್ಮ ಕ್ಯಾಂಪಸ್‌ನಲ್ಲೂ ಇರಬಹುದು, ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕೇಳಿ, ಆಮೇಲೆ ಯೋಜನೆ ಹಾಕಿ

ಸ್ವಾಗತ ಸಮಾರಂಭ, ಬ್ಯಾನರ್, ಧ್ವಜಗಳ ಸಾಲು ಇವೆಲ್ಲ ಆಮೇಲಿನ ಮಾತು. ಮೊದಲು ಹೊರದೇಶದಿಂದ ಬಂದ ಏಳೆಂಟು ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ. ‘ಇಲ್ಲಿ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ. ‘ಬಂದ ಮೊದಲ ತಿಂಗಳು ಯಾವ ಕೆಲಸಕ್ಕೆ ಜಾಸ್ತಿ ಅಲೆದಾಡಿದಿರಿ?’ ಎಂದು ಕೇಳಿ. ‘ಆಗ ಯಾರನ್ನು ಕೇಳಿದಿರಿ?’ ಎಂದೂ ಕೇಳಿ. ಎರಡನೆಯ ಪ್ರಶ್ನೆಯ ಉತ್ತರ ಬರೆದಿಟ್ಟುಕೊಳ್ಳಿ. ಬಹಳ ಸಲ ಅದು ನಿಮ್ಮ ಕಚೇರಿಯ ಹೆಸರಾಗಿರುವುದಿಲ್ಲ. ಹಾಸ್ಟೆಲ್ ಕಾವಲುಗಾರನೋ, ಅದೇ ದೇಶದ ಹಿರಿಯ ವಿದ್ಯಾರ್ಥಿಯೋ, ಪ್ರಯೋಗಾಲಯದ ಸಹಾಯಕರೋ ಆಗಿರುತ್ತಾರೆ. ನಿಜವಾದ ನೆರವಿನ ಜಾಲ ಇದೇ. ಅದನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಕಟ್ಟಲು ಹೋಗಬೇಡಿ. ಅವರನ್ನೇ ಸೇರಿಸಿಕೊಳ್ಳಿ.

ಇಲ್ಲಿನ ವಿದ್ಯಾರ್ಥಿಗಳನ್ನೂ ಹೀಗೇ ಕೇಳಬೇಕು. ಹೊರದೇಶಕ್ಕೆ ಹೋಗಿ ಬಂದವರನ್ನಲ್ಲ, ಹೋಗಬೇಕೆಂದು ಅನ್ನಿಸಿಯೂ ಅರ್ಜಿ ಹಾಕದೇ ಬಿಟ್ಟವರನ್ನು ಕೇಳಿ. ನಿಮ್ಮ ಪ್ರಚಾರ ಎಲ್ಲಿ ಸೋಲುತ್ತಿದೆ ಎಂದು ಹೇಳಬಲ್ಲವರು ಅವರೇ.

ಬರುವ ಮುಂಚಿನ ಕೆಲಸ

ಪ್ರವೇಶ ಪತ್ರ ಕಳಿಸಿದ ದಿನದಿಂದ ವಿದ್ಯಾರ್ಥಿ ವಿಮಾನ ಇಳಿಯುವ ದಿನದ ತನಕ ಒಂದು ದೊಡ್ಡ ಮೌನ ಇರುತ್ತದೆ. ಮೋಸ ಮಾಡುವವರಿಗೆ ಅದೇ ಸುಗ್ಗಿ. ಫೋಟೊದಲ್ಲಿ ಮಾತ್ರ ಇರುವ ಮನೆಗೆ ಮುಂಗಡ ಕೇಳುತ್ತಾರೆ. ವೀಸಾ ಬೇಗ ಕೊಡಿಸುತ್ತೇವೆ ಎಂದು ಹಣ ಕೇಳುತ್ತಾರೆ. ಬಂದಿಳಿದ ಮೇಲೆ ‘ವಲಸೆ ಕಚೇರಿಯಿಂದ ಮಾತಾಡುತ್ತಿದ್ದೇವೆ, ದಂಡ ಕಟ್ಟದಿದ್ದರೆ ಬಂಧಿಸುತ್ತೇವೆ’ ಎಂದು ಫೋನ್ ಬರುತ್ತದೆ. ಹಾಗಾಗಿ ಪ್ರವೇಶ ಪತ್ರದ ಜೊತೆಯಲ್ಲೇ ಒಂದು ಪುಟ ಕಳಿಸಿ. ಶುಲ್ಕ ಕಟ್ಟಬೇಕಾದ ಖಾತೆ ಯಾವುದು, ಕಾಲೇಜು ಫೋನಿನಲ್ಲಿ ಏನನ್ನು ಕೇಳುವುದೇ ಇಲ್ಲ, ಅನುಮಾನ ಬಂದರೆ ಯಾರಿಗೆ ಬರೆಯಬೇಕು, ಇಷ್ಟು ಸಾಕು. ಮನೆ ನೋಡದೆ ಮುಂಗಡ ಕಳಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಮೊದಲ ಎರಡು ವಾರಕ್ಕೆ ಹಾಸ್ಟೆಲ್‌ನಲ್ಲಿ ತಾತ್ಕಾಲಿಕ ಕೋಣೆ ಕೊಟ್ಟರೆ ಇನ್ನೂ ಒಳ್ಳೆಯದು. ಬಂದವರು ಕಣ್ಣಾರೆ ನೋಡಿ ಮನೆ ಹಿಡಿಯಬಹುದು.

ಹೆಸರಿನ ವಿಷಯ ಸಣ್ಣದು ಅನ್ನಿಸುತ್ತದೆ, ಆದರೆ ಇಲ್ಲಿ ಆದ ತಪ್ಪು ವರ್ಷಗಟ್ಟಲೆ ಕಾಡುತ್ತದೆ. ಜಗತ್ತಿನಲ್ಲಿ ಎಲ್ಲರಿಗೂ ಮನೆತನದ ಹೆಸರು ಇರುವುದಿಲ್ಲ. ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅದು ಸಂಕ್ಷೇಪ. ಅದನ್ನೇ ನಿಜವಾದ ಹೆಸರು ಎಂದುಕೊಂಡು ಹಾಜರಿ ಕೂಗುವವರಿದ್ದಾರೆ! ಅರ್ಜಿಯಲ್ಲಿ ‘ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಹೆಸರು’ ಮತ್ತು ‘ನಿಮ್ಮನ್ನು ಏನೆಂದು ಕರೆಯಬೇಕು’ ಎಂದು ಎರಡು ಜಾಗ ಬಿಡಿ. ಬ್ಯಾಂಕ್, ವಿಮೆ, ಅಂಕಪಟ್ಟಿ ಎಲ್ಲದರಲ್ಲೂ ಮೊದಲನೆಯದು ಒಂದೇ ಥರ ಇರಲಿ. ಮಾತಿಗೆ ಎರಡನೆಯದು. ದಿನಾಂಕವನ್ನೂ ಬರೀ ಅಂಕಿಯಲ್ಲಿ ಬರೆಯಬೇಡಿ. 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಇನ್ನು ಕೆಲವರಿಗೆ ಮಾರ್ಚ್ 4. ಶುಲ್ಕದ ಕೊನೆಯ ದಿನ ತಪ್ಪಿಹೋಗಲು ಇಷ್ಟು ಸಾಕು.

ಶುಲ್ಕ ತಡವಾದರೆ ತಕ್ಷಣ ದಂಡ ಹಾಕುವ ನಿಯಮ ಇದ್ದರೆ ಒಮ್ಮೆ ಯೋಚಿಸಿ. ವಿದೇಶಿ ಹಣದ ಮೇಲೆ ಕಡಿವಾಣ ಇರುವ ದೇಶಗಳಲ್ಲಿ, ಮನೆಯವರ ಬಳಿ ದುಡ್ಡಿದ್ದರೂ ಬ್ಯಾಂಕು ಅದನ್ನು ಹೊರಗೆ ಕಳಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಹಣ ಹೊರಟಿದೆ ಎಂಬುದಕ್ಕೆ ಬ್ಯಾಂಕಿನ ಚೀಟಿ ತೋರಿಸಿದವರಿಗೆ ಗಡುವು ಮುಂದೆ ಹಾಕುವ ಅಧಿಕಾರ ಯಾರದ್ದು ಎಂದು ಮೊದಲೇ ತೀರ್ಮಾನಿಸಿಡಿ.

ಮೊದಲ ವಾರ: ಎಲ್ಲವನ್ನೂ ಒಂದೇ ದಿನ ಹೇಳಬೇಡಿ

ಹತ್ತು ಗಂಟೆ ಪ್ರಯಾಣ ಮಾಡಿ ಬಂದವರನ್ನು ಮಾರನೆಯ ಬೆಳಿಗ್ಗೆ ಸಭಾಂಗಣದಲ್ಲಿ ಕೂರಿಸಿ, ಆರು ಜನ ಅಧಿಕಾರಿಗಳು ಸರದಿಯಂತೆ ಭಾಷಣ ಮಾಡುತ್ತಾರೆ. ಸಂಜೆಗೆ ಅದರಲ್ಲಿ ಒಂದೂ ನೆನಪಿರುವುದಿಲ್ಲ. ದೇಹದ ಗಡಿಯಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲು, ದಾಟಿ ಬಂದ ಪ್ರತಿಯೊಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಬೇಕು ಎಂಬುದು ಒಂದು ಅಂದಾಜು. ಆದ್ದರಿಂದ ಮೊದಲ ದಿನ ನಾಲ್ಕೇ ವಿಷಯ ಇಟ್ಟುಕೊಳ್ಳಿ: ಮಲಗಲು ಜಾಗ, ಮನೆಗೆ ಒಂದು ಫೋನ್ ಕರೆ, ಹೊಟ್ಟೆಗೆ ಊಟ, ತುರ್ತು ಸಮಯಕ್ಕೆ ಒಂದು ನಂಬರ್.

ಎರಡನೇ, ಮೂರನೇ ದಿನ ಕಾಗದದ ಕೆಲಸ. ಸ್ಥಳೀಯ ನೋಂದಣಿ, ವಿಮೆ, ಸಿಮ್, ಬ್ಯಾಂಕ್ ಖಾತೆ. ಇವುಗಳದ್ದು ಒಂದು ಚಕ್ರವ್ಯೂಹ. ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ವಿಳಾಸ ಬೇಕೆಂದರೆ ಬಾಡಿಗೆ ಕರಾರು ಬೇಕು. ಕರಾರಿಗೆ ಮುಂಗಡ, ಮುಂಗಡಕ್ಕೆ ಖಾತೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ವಿಳಾಸ ದೃಢೀಕರಿಸುವ ಪತ್ರ ಕೊಟ್ಟರೆ ಒಪ್ಪುವ ಬ್ಯಾಂಕ್ ಶಾಖೆ ಯಾವುದು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ನನ್ನ ಪ್ರಕಾರ ಇಡೀ ಸ್ವಾಗತ ಕಾರ್ಯಕ್ರಮಕ್ಕಿಂತ ಈ ಒಂದು ಪತ್ರಕ್ಕೆ ಬೆಲೆ ಜಾಸ್ತಿ. ಯಾವುದರ ನಂತರ ಯಾವುದು ಮಾಡಬೇಕು ಎಂದು ಸರಿಯಾದ ಕ್ರಮದಲ್ಲಿ ಬರೆದ ಪಟ್ಟಿಯನ್ನು ಪ್ರತಿಯೊಬ್ಬರ ಕೈಗೂ ಕೊಡಿ.

ಕ್ಯಾಂಪಸ್ ಸುತ್ತಾಟ, ಗ್ರಂಥಾಲಯದ ಕಾರ್ಡ್, ಕ್ಲಬ್‌ಗಳ ಪರಿಚಯ ಎರಡನೇ ವಾರಕ್ಕೆ ಇರಲಿ. ಒತ್ತಡ, ಆರೋಗ್ಯ, ಆಪ್ತಸಲಹೆಯ ಮಾತು ನಾಲ್ಕನೇ ವಾರಕ್ಕೆ. ಮೊದಲ ದಿನ ಆಪ್ತಸಲಹೆಗಾರರ ನಂಬರ್ ಕೊಟ್ಟರೆ ‘ಇದು ನನಗಲ್ಲ’ ಎಂದು ಅಲ್ಲೇ ಬಿಟ್ಟುಹೋಗುತ್ತಾರೆ.

ತರಗತಿಯಲ್ಲಿ: ಹೇಳದೆ ಬಿಟ್ಟ ನಿಯಮಗಳು

ಓದಿನಲ್ಲಿ ಚುರುಕಾಗಿದ್ದವರು ಹೊಸ ದೇಶದಲ್ಲಿ ಮೊದಲ ಪರೀಕ್ಷೆಯಲ್ಲೇ ಎಡವಿದರೆ ಎಲ್ಲರೂ ಭಾಷೆಯ ಕಡೆ ಬೆರಳು ತೋರಿಸುತ್ತಾರೆ. ಭಾಷೆ ಒಂದು ಕಾರಣ ಹೌದು. ಆದರೆ ಆ ವ್ಯವಸ್ಥೆಯಲ್ಲಿ ಬೆಳೆದವರಿಗೆ ಗೊತ್ತಿದ್ದು, ಯಾರೂ ಬಾಯಿಬಿಟ್ಟು ಹೇಳದ ನಿಯಮಗಳೂ ಇರುತ್ತವೆ. ಪಾಠ ಮಾಡುವವರು ‘ಭೇಟಿಯ ಸಮಯ ಮಂಗಳವಾರ ಎರಡರಿಂದ ನಾಲ್ಕು’ ಎಂದು ಬರೆದಿರುತ್ತಾರೆ. ಅದು ಯಾರು ಬೇಕಾದರೂ ಹೋಗಿ ಡೌಟ್ ಕೇಳಬಹುದಾದ ಸಮಯ ಎಂದು ಕೆಲವರಿಗೆ ಗೊತ್ತೇ ಇರುವುದಿಲ್ಲ. ಏನಾದರೂ ತಪ್ಪು ಮಾಡಿದವರನ್ನು ಮಾತ್ರ ಕರೆಯುತ್ತಾರೆ ಎಂದುಕೊಂಡಿರುತ್ತಾರೆ. ತರಗತಿಯಲ್ಲಿ ಮಾತಾಡುವುದಕ್ಕೂ ಅಂಕ ಇದೆ ಎಂದರೆ ಕೆಲವರಿಗೆ ನಂಬಿಕೆಯೇ ಬರುವುದಿಲ್ಲ. ಗುರುಗಳ ಮಾತಿಗೆ ಎದುರು ಮಾತು ಆಡಬಾರದು ಎಂದು ಕಲಿತು ಬಂದವರು ಅವರು.

ಎಲ್ಲಕ್ಕಿಂತ ದೊಡ್ಡ ಕಂದಕ ಇರುವುದು ನಕಲಿನ ವಿಷಯದಲ್ಲಿ. ಪುಸ್ತಕದ ವಾಕ್ಯವನ್ನು ಹಾಗೇ ಬರೆಯುವುದು ಕೆಲವು ಕಡೆ ಚೆನ್ನಾಗಿ ಓದಿದ್ದಾರೆ ಅನ್ನುವುದಕ್ಕೆ ಗುರುತು. ಇನ್ನು ಕೆಲವು ಕಡೆ ಅದೇ ಕಾಲೇಜಿನಿಂದ ಹೊರಹಾಕುವಂಥ ತಪ್ಪು. ‘ನಕಲು ಮಾಡಬಾರದು’ ಎಂಬ ಒಂದು ಸಾಲಿನ ಎಚ್ಚರಿಕೆಯಿಂದ ಏನೂ ಆಗುವುದಿಲ್ಲ. ಒಂದು ಪ್ಯಾರಾ ಕೊಟ್ಟು, ಅದನ್ನು ಮೂರು ಥರ ಬಳಸಿದ ಮಾದರಿ ತೋರಿಸಿ: ಇದು ಸರಿ, ಇದು ಅರ್ಧ ಸರಿ, ಇದು ತಪ್ಪು. ಎಐ ಉಪಕರಣಗಳನ್ನು ಎಲ್ಲಿಯವರೆಗೆ ಬಳಸಬಹುದು ಅನ್ನುವುದನ್ನೂ ಹೀಗೇ ಮಾದರಿ ಇಟ್ಟು ಹೇಳಿ. ಅಂಕ ಜಾಸ್ತಿ ಇಲ್ಲದ ಒಂದು ಸಣ್ಣ ಬರಹವನ್ನು ಮೂರನೇ ವಾರದೊಳಗೆ ಬರೆಸಿ ತಿದ್ದಿಕೊಡಿ. ದೊಡ್ಡ ಪ್ರಬಂಧದ ಹೊತ್ತಿಗೆ ಅರ್ಧ ಸಮಸ್ಯೆ ಮುಗಿದಿರುತ್ತದೆ.

ಗುಂಪು ಕೆಲಸ ಕೊಡುವಾಗ ‘ನಿಮಗೆ ಬೇಕಾದವರ ಜೊತೆ ಸೇರಿಕೊಳ್ಳಿ’ ಎಂದು ಬಿಡಬೇಡಿ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವವರು ಹೊರದೇಶದವರೇ. ಗುಂಪುಗಳನ್ನು ನೀವೇ ಮಾಡಿ. ಆದರೆ ಪ್ರತಿ ಗುಂಪಿಗೂ ಒಬ್ಬೊಬ್ಬ ವಿದೇಶಿಯನ್ನು ಹಂಚುವುದೂ ಬೇಡ, ಪ್ರತಿನಿಧಿ ಮಾಡಿ ಕೂರಿಸಿದ ಹಾಗಾಗುತ್ತದೆ. ಇಬ್ಬಿಬ್ಬರನ್ನು ಹಾಕಿದರೆ ಬಾಯಿ ಬಿಡಲು ಧೈರ್ಯ ಬರುತ್ತದೆ.

ವೀಸಾ ವಿಷಯದಲ್ಲಿ ಗೆರೆ ದಾಟಬೇಡಿ

ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆ ಒಬ್ಬರ ಓದನ್ನೇ ಮುಗಿಸಿಬಿಡಬಹುದು. ಕಷ್ಟ ಆಗುತ್ತಿದ್ದರೆ ಒಂದು ವಿಷಯ ಬಿಟ್ಟುಬಿಡು ಎಂದು ಅಧ್ಯಾಪಕರು ಸಹಜವಾಗಿ ಹೇಳುತ್ತಾರೆ. ಆದರೆ ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಇರುವವರು ಕಾಲೇಜಿನ ನಿಯೋಜಿತ ಅಧಿಕಾರಿಯ ಅನುಮತಿ ಮೊದಲೇ ಪಡೆಯದೆ ಪೂರ್ಣಾವಧಿ ಓದಿಗಿಂತ ಕೆಳಗಿಳಿದರೆ ವೀಸಾ ಸ್ಥಿತಿಯೇ ಹೋಗುತ್ತದೆ. ಕೆಲಸದ ಗಂಟೆಗಳೂ ಹಾಗೇ. ತರಗತಿಗಳು ನಡೆಯುವಾಗ ಅಮೆರಿಕದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ. ಕೆನಡಾ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆ ಎಂದು ಮಾಡಿದ್ದು 2024ರ ನವೆಂಬರ್‌ನಲ್ಲಿ. ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಎರಡು ವರ್ಷದ ಹಿಂದೆ ಬಂದ ಸೀನಿಯರ್ ಹೇಳಿದ್ದು ಇವತ್ತು ತಪ್ಪಾಗಿರಬಹುದು.

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ವಲಸೆ ಸಲಹೆ ಕೊಡಲು ಕಾನೂನಿನ ಪ್ರಕಾರ ಅರ್ಹತೆ ಬೇಕು. ಆದ್ದರಿಂದ ಸ್ವಯಂಸೇವಕರಿಗೆ ಒಂದೇ ವಾಕ್ಯ ಕಲಿಸಿ: ‘ಇದನ್ನು ನಾನು ಹೇಳುವ ಹಾಗಿಲ್ಲ, ಹೇಳಬಲ್ಲವರ ಹತ್ತಿರ ಈಗಲೇ ಕರೆದುಕೊಂಡು ಹೋಗುತ್ತೇನೆ.’ ‘ಏನೂ ಆಗಲ್ಲ ಬಿಡು’ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು.

ಜೊತೆಗಾರರನ್ನು ಕೊಡಿ, ಆದರೆ ನೋಡಿಕೊಂಡು ಕೊಡಿ

ಹೊಸಬರಿಗೆ ಒಬ್ಬೊಬ್ಬ ಸ್ಥಳೀಯ ಜೊತೆಗಾರನನ್ನು ಗೊತ್ತುಮಾಡುವ ಪದ್ಧತಿ ತುಂಬಾ ಕಡೆ ಇದೆ. ಬಹಳಷ್ಟು ಕಡೆ ಅದು ಎರಡು ವಾರಕ್ಕೆ ಸೊರಗುತ್ತದೆ. ಪಟ್ಟಿಯಲ್ಲಿ ಹೆಸರು ಜೋಡಿಸಿ ಮೇಲ್ ಕಳಿಸಿದರೆ ಸ್ನೇಹ ಹುಟ್ಟುವುದಿಲ್ಲ. ದೇಶ ನೋಡಿ ಜೋಡಿಸುವುದಕ್ಕಿಂತ ಓದುವ ವಿಷಯ, ವೇಳಾಪಟ್ಟಿ, ಹವ್ಯಾಸ ನೋಡಿ ಜೋಡಿಸಿ. ಮೊದಲ ಭೇಟಿಗೆ ಒಂದು ಕೆಲಸ ಕೊಡಿ. ಇಬ್ಬರೂ ಸೇರಿ ಬಸ್ ಪಾಸ್ ಮಾಡಿಸುವುದು, ಗ್ರಂಥಾಲಯದಿಂದ ಒಂದು ಪುಸ್ತಕ ತರುವುದು, ಏನಾದರೂ ಸರಿ. ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ. ಕೆಲಸವಿಲ್ಲದೆ ಎದುರುಬದುರು ಕೂತರೆ ಇಬ್ಬರೂ ಮೊಬೈಲ್ ನೋಡುತ್ತಾರೆ.

ಜೊತೆಗಾರರನ್ನು ಎಲ್ಲಿಂದ ತರುವುದು? ಎರಡು ಕೋಣೆಗಳ ನಡುವಿನ ಗೋಡೆ ಒಡೆಯಬೇಕಾದದ್ದು ಇಲ್ಲೇ. ಮುಂದಿನ ವರ್ಷ ಹೊರದೇಶಕ್ಕೆ ಹೋಗಬೇಕೆಂದಿರುವವರು ಮತ್ತು ಹೋಗಿ ಬಂದವರು, ಇವರೇ ನಿಮ್ಮ ಮೊದಲ ಆಯ್ಕೆ. ಹೋಗುವವರಿಗೆ ಕಲಿಯುವ ಅಗತ್ಯ ಇದೆ. ಹೋಗಿ ಬಂದವರಿಗೆ ಹೊಸ ಜಾಗದಲ್ಲಿ ಒಬ್ಬರೇ ಇರುವುದು ಏನೆಂದು ಗೊತ್ತಿದೆ. ಸುಮ್ನೆ ಸೇವೆ ಮಾಡಿ ಎಂದು ಕೇಳುವುದಕ್ಕಿಂತ, ವಿನಿಮಯ ಕಾರ್ಯಕ್ರಮದ ಆಯ್ಕೆಯಲ್ಲಿ ಜೊತೆಗಾರರಾಗಿ ಒಂದು ಸೆಮಿಸ್ಟರ್ ಮಾಡಿದ ಕೆಲಸವನ್ನು ಪರಿಗಣಿಸುತ್ತೇವೆ ಎಂದು ಹೇಳಿ. ಬರುವವರ ಸಂಖ್ಯೆ ನೀವೇ ನೋಡಿ.

ಹೊರದೇಶದಿಂದ ಬಂದವರನ್ನು ಸದಾ ಸಹಾಯ ಬೇಡುವವರ ಜಾಗದಲ್ಲೇ ಇಡಬೇಡಿ. ಅವರ ಭಾಷೆಯಲ್ಲಿ ವಾರಕ್ಕೊಂದು ಗಂಟೆ ಮಾತಿನ ಅಭ್ಯಾಸ ನಡೆಸಲು ಹೇಳಿ, ಅದಕ್ಕೆ ಗೌರವಧನ ಕೊಡಿ. ಅವರ ದೇಶಕ್ಕೆ ಹೋಗುವವರ ಅರ್ಜಿ, ಮನೆ ಕರಾರು ಓದಿ ನೋಡಲು ಕೇಳಿ. ತನ್ನಿಂದ ಇನ್ನೊಬ್ಬರಿಗೆ ಉಪಯೋಗ ಆಗುತ್ತಿದೆ ಅನ್ನಿಸಿದ ಜಾಗ ಬೇಗ ತನ್ನದಾಗುತ್ತದೆ. ವರ್ಷಕ್ಕೊಮ್ಮೆ ಅವರ ಉಡುಪು ಹಾಕಿಸಿ ವೇದಿಕೆ ಹತ್ತಿಸುವುದರಿಂದ ಇದು ಆಗುವುದಿಲ್ಲ.

ಒಂಟಿತನ, ರಜೆ ಮತ್ತು ಮನೆಯ ಕೆಟ್ಟ ಸುದ್ದಿ

ಹೊರದೇಶದ ಬದುಕಿಗೆ ಹೊಂದಿಕೊಳ್ಳುವುದು ಒಂದು ಬಾಗಿದ ಗೆರೆಯ ಹಾಗೆ, ಮೊದಲು ಖುಷಿ, ನಡುವೆ ಕುಸಿತ, ಆಮೇಲೆ ಚೇತರಿಕೆ ಎಂದು 1955ರಲ್ಲಿ ಸ್ವೆರ್ರೆ ಲೈಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಬರೆದರು. ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಲ್ಲಿಗೆ ಹೋಗಿ ಬಂದ ನಾರ್ವೆಯ ವಿದ್ವಾಂಸರನ್ನು ಮಾತಾಡಿಸಿ ಹೇಳಿದ ಮಾತದು. ಈಗಲೂ ಬಹಳಷ್ಟು ತರಬೇತಿಗಳಲ್ಲಿ ಆ ಗೆರೆ ಬರೆದು ತೋರಿಸುತ್ತಾರೆ. ಆದರೆ ಎಲ್ಲರಿಗೂ ಅದು ಹೊಂದುವುದಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಬಂದಿಳಿದ ಮೊದಲ ದಿನಗಳೇ ಅತಿ ಕಷ್ಟದವು. ‘ಮೊದಲ ತಿಂಗಳು ಎಲ್ಲರೂ ಖುಷಿಯಾಗಿಯೇ ಇರುತ್ತಾರೆ’ ಎಂದು ಸುಮ್ಮನಿರಬೇಡಿ.

ಕ್ಯಾಲೆಂಡರ್ ತೆಗೆದು ಉದ್ದನೆಯ ರಜೆಗಳನ್ನು ಗುರುತು ಮಾಡಿ. ಎಲ್ಲರೂ ಮನೆಗೆ ಹೋದಾಗ ಹಾಸ್ಟೆಲ್ ತೆರೆದಿರುತ್ತದೆಯೇ? ಊಟ ಸಿಗುತ್ತದೆಯೇ? ಆ ಎರಡು ವಾರ ಮುಚ್ಚಿದ ಕ್ಯಾಂಪಸ್‌ನಲ್ಲಿ ಉಳಿಯುವವರು ಯಾರು ಎಂದು ಹೆಸರು ಸಮೇತ ಪಟ್ಟಿ ಇರಲಿ. ಆ ದಿನಗಳಲ್ಲಿ ಯಾರಾದರೊಬ್ಬರು ಮನೆಗೆ ಕರೆದರೆ ಅವರು ಅದನ್ನು ಬಹಳ ಕಾಲ ಮರೆಯುವುದಿಲ್ಲ.

ಇನ್ನೊಂದು ಪಟ್ಟಿಯೂ ಬೇಕು: ಯಾವ ದೇಶದಿಂದ ಎಷ್ಟು ಜನ ಇದ್ದಾರೆ. ಯುದ್ಧ, ಭೂಕಂಪ, ಹಣದ ಮೌಲ್ಯ ಕುಸಿತ ಏನೇ ಆಗಲಿ, ಸುದ್ದಿ ಬಂದ ದಿನವೇ ಅವರಿಗೆ ಫೋನ್ ಮಾಡಬೇಕು. ಅವರಾಗಿ ಬಂದು ಕೇಳಲಿ ಎಂದು ಕಾಯಬಾರದು. ಶುಲ್ಕದ ಗಡುವು, ಪರೀಕ್ಷೆ ಮುಂದೂಡಿಕೆ, ಸಣ್ಣ ತುರ್ತು ನಿಧಿ ಈ ಮೂರಕ್ಕೂ ನಿಯಮ ಮೊದಲೇ ಬರೆದಿಟ್ಟಿರಿ. ಆಪತ್ತು ಬಂದ ಮೇಲೆ ಸಮಿತಿ ಸೇರಿಸಿದರೆ ತಿಂಗಳು ಕಳೆದಿರುತ್ತದೆ.

ಈಗ ಹೋಗುವವರ ಕಡೆ: ಪೋಸ್ಟರ್‌ಗಿಂತ ಮುಂಚೆ ಕ್ರೆಡಿಟ್

1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಿಂದ ಎಂಟು ವಿದ್ಯಾರ್ಥಿಗಳು ಹಡಗು ಹತ್ತಿ ಫ್ರಾನ್ಸ್‌ಗೆ ಹೋದರು. ಅವರನ್ನು ಕರೆದುಕೊಂಡು ಹೋದವರು ರೇಮಂಡ್ ಕರ್ಕ್‌ಬ್ರೈಡ್ ಎಂಬ ಪ್ರಾಧ್ಯಾಪಕ. ಹೊರದೇಶ ನೋಡಲು ಹೋಗುವುದು ಆಗಲೂ ಹೊಸದೇನಲ್ಲ. ಅಲ್ಲಿ ಓದಿದ ವರ್ಷ ಇಲ್ಲಿನ ಪದವಿಗೆ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಹೊಸದಾಗಿತ್ತು. ಯುರೋಪಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆ 1987ರಲ್ಲಿ ಶುರುವಾದಾಗ ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋದರು. ಎರಡು ವರ್ಷದ ನಂತರ, 1989ರಲ್ಲಿ, ಕ್ರೆಡಿಟ್‌ಗಳನ್ನು, ಅಂದರೆ ಪದವಿಗೆ ಲೆಕ್ಕವಾಗುವ ಓದಿನ ಅಳತೆಯನ್ನು, ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸುವ ಇಸಿಟಿಎಸ್ ಪದ್ಧತಿಯ ಪ್ರಯೋಗ ಆರಂಭವಾಯಿತು. ಒಂದು ಪೂರ್ಣ ವರ್ಷದ ಓದು ಅಂದರೆ 60 ಕ್ರೆಡಿಟ್ ಎಂಬ ಸರಳ ಲೆಕ್ಕ ಅದು. ಆಮೇಲೆ ಹೋಗಿ ಬಂದವರ ಸಂಖ್ಯೆ ಲಕ್ಷಗಳನ್ನು ದಾಟಿತು.

ಇದರಿಂದ ನಾವು ತೆಗೆದುಕೊಳ್ಳಬೇಕಾದ್ದು ಇಷ್ಟೇ: ಹೋದರೆ ಒಂದು ವರ್ಷ ಹಿಂದೆ ಬೀಳುತ್ತೇನೆ ಅನ್ನುವ ಭಯ ಇರುವ ತನಕ ಎಷ್ಟು ಚಂದದ ಪೋಸ್ಟರ್ ಹಾಕಿದರೂ ಉಪಯೋಗವಿಲ್ಲ. ಪ್ರತಿ ವಿಭಾಗದ ಮುಖ್ಯಸ್ಥರ ಜೊತೆ ಕೂತು ಒಂದು ಪುಟ ತಯಾರು ಮಾಡಿ. ಈ ಕೋರ್ಸಿನವರು ಯಾವ ಸೆಮಿಸ್ಟರ್‌ನಲ್ಲಿ ಹೋದರೆ ಅನುಕೂಲ, ಅಲ್ಲಿನ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ, ಯಾವ ವಿಷಯವನ್ನು ಇಲ್ಲೇ ಓದಬೇಕು. ಪ್ರಯೋಗಾಲಯ ಜಾಸ್ತಿ ಇರುವ ಕೋರ್ಸ್‌ಗಳಿಗೆ ಇದು ಕಷ್ಟ. ಅವರಿಗೆ ರಜೆಯಲ್ಲಿ ನಡೆಯುವ ಕೆಲವು ವಾರಗಳ ಕಾರ್ಯಕ್ರಮ ಹುಡುಕಿ. ಈ ಒಂದು ಪುಟಕ್ಕೆ ಆರು ತಿಂಗಳು ಹಿಡಿಯಬಹುದು, ಬೇಸರದ ಕೆಲಸ. ಆದರೆ ಇದಿಲ್ಲದೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕ ಮುಚ್ಚಿಡಬೇಡಿ

‘ವಿದೇಶ ಅಂದರೆ ದುಡ್ಡಿದ್ದವರಿಗೆ’ ಎಂಬ ಮಾತು ಅರ್ಧ ಸತ್ಯ. ಎರಡು ಸಂಸ್ಥೆಗಳ ನಡುವೆ ವಿನಿಮಯ ಒಪ್ಪಂದ ಇದ್ದರೆ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ತಮ್ಮ ಕಾಲೇಜಿಗೇ ಕಟ್ಟಿದರೆ ಸಾಕು, ಅಲ್ಲಿ ಮತ್ತೆ ಕಟ್ಟಬೇಕಿಲ್ಲ. ಇದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಶುಲ್ಕ ಬಿಟ್ಟು ಉಳಿದ ಖರ್ಚನ್ನು ಬಿಡಿಸಿ ಬರೆದು ತೋರಿಸಿ: ವೀಸಾ, ವಿಮೆ, ಟಿಕೆಟ್, ಬಾಡಿಗೆ ಮತ್ತು ಮುಂಗಡ, ಬಸ್ಸು, ಊಟ, ಮೊದಲ ವಾರ ಕೊಳ್ಳುವ ಹೊದಿಕೆ ಪಾತ್ರೆ. ಬ್ಯಾಂಕಿನಲ್ಲಿ ತೋರಿಸಬೇಕಾದ ಹಣ ಬೇರೆ, ನಿಜವಾಗಿ ಖರ್ಚಾಗುವ ಹಣ ಬೇರೆ. ಜರ್ಮನಿಗೆ ಹೋಗುವವರು ಒಂದು ವರ್ಷದ ಜೀವನ ವೆಚ್ಚವನ್ನು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ ಮೊದಲೇ ಇಡುವುದು ವಾಡಿಕೆ. ಆ ಹಣ ಹೋಗುವುದಿಲ್ಲ, ಆದರೆ ಅಷ್ಟನ್ನೂ ಒಮ್ಮೆಗೇ ಹೊಂದಿಸಬೇಕು. ಇದನ್ನು ವಿವರಿಸದಿದ್ದರೆ ಮನೆಯವರು ಮೊತ್ತ ನೋಡಿಯೇ ಬೆಚ್ಚಿಬೀಳುತ್ತಾರೆ.

ವಿದ್ಯಾರ್ಥಿವೇತನಗಳ ಉದ್ದನೆಯ ಪಟ್ಟಿ ಹಂಚುವುದು ಸುಲಭ. ಯಾರೂ ಅದನ್ನು ಕೊನೆಯ ತನಕ ಓದುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ನಿಜಕ್ಕೂ ಸಿಗಬಹುದಾದ ಐದನ್ನು ಆರಿಸಿ. 1946ರಿಂದ ಇರುವ ಫುಲ್‌ಬ್ರೈಟ್, 1925ರಲ್ಲಿ ಹುಟ್ಟಿದ ಜರ್ಮನಿಯ ವಿನಿಮಯ ಸಂಸ್ಥೆ ಡಾಡ್ (ಡಿಎಎಡಿ), ಯುರೋಪಿನ ಎರಾಸ್ಮಸ್ ಮುಂಡುಸ್ ಇವೆಲ್ಲ ಹೆಸರುವಾಸಿ, ಪೈಪೋಟಿಯೂ ಅಷ್ಟೇ. ಪ್ರತಿಯೊಂದರ ಗಡುವಿಗೆ ಎರಡು ತಿಂಗಳ ಮೊದಲು ಪ್ರಬಂಧ ಬರೆಯುವ ಒಂದು ಸಂಜೆ ಇಡಿ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದವರ ಮಕ್ಕಳಿಗೆ ಈ ಸಂಜೆ ಬಹಳ ಮುಖ್ಯ. ತಮ್ಮ ಬಗ್ಗೆ ಒಳ್ಳೆಯದನ್ನು ತಾವೇ ಬರೆದುಕೊಳ್ಳುವುದು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಯಾರು ಹೇಳಬೇಕು, ಯಾರಿಗೆ ಹೇಳಬೇಕು

ಮಂಜು ಬಿದ್ದ ಊರಿನ ಫೋಟೊ ತೋರಿಸಿ ‘ನನ್ನ ಬದುಕೇ ಬದಲಾಯಿತು’ ಎಂದು ಹೇಳುವವರನ್ನು ಕರೆಸಬೇಡಿ. ತಿಂಗಳಿಗೆ ಎಷ್ಟು ಖರ್ಚಾಯಿತು, ಯಾವ ವಿಷಯದಲ್ಲಿ ಕಡಿಮೆ ಅಂಕ ಬಂತು, ಮೊದಲ ತಿಂಗಳು ಹೇಗೆ ಕಳೆಯಿತು ಎಂದು ಬಿಚ್ಚಿ ಹೇಳುವವರನ್ನು ಕರೆಸಿ. ಅವರ ಪಕ್ಕದಲ್ಲಿ ಆ ದೇಶದಿಂದ ನಿಮ್ಮಲ್ಲಿಗೆ ಬಂದವರನ್ನೂ ಕೂರಿಸಿ. ಹೋಗಿ ಬಂದವರು ಹೇಳಿದ್ದನ್ನು ಅಲ್ಲಿಯವರೇ ತಿದ್ದುವಾಗ ಸಭೆಗೆ ಜೀವ ಬರುತ್ತದೆ. ದೊಡ್ಡ ಸಭಾಂಗಣ ಬೇಡ. ತರಗತಿಯ ಕೊನೆಯ ಐದು ನಿಮಿಷ, ಅದೇ ವಿಭಾಗದ ಸೀನಿಯರ್, ಅಷ್ಟು ಸಾಕು.

ಮೊದಲ ವರ್ಷದವರಿಗೇ ಹೇಳಿ. ಕೊನೆಯ ವರ್ಷದಲ್ಲಿ ಕೇಳಿದವರಿಗೆ ಕಾಲ ಮಿಂಚಿರುತ್ತದೆ. ಪೋಷಕರಿಗೆ ಬೇರೆ ಸಭೆ ಮಾಡಿ. ಅವರ ಪ್ರಶ್ನೆಗಳು ಬೇರೆಯೇ: ಹುಷಾರು ತಪ್ಪಿದರೆ ಯಾರು ನೋಡುತ್ತಾರೆ, ರಾತ್ರಿ ಓಡಾಡಬಹುದಾ, ವಾಪಸ್ ಬರುತ್ತಾರಾ? ಈ ಪ್ರಶ್ನೆಗಳಿಗೆ ನಗಬೇಡಿ. ಹೋಗಿ ಬಂದವರ ತಂದೆ ತಾಯಿಯಲ್ಲಿ ಒಬ್ಬರನ್ನು ಕರೆಸಿ ಮಾತಾಡಿಸಿದರೆ ನಿಮ್ಮ ಕೆಲಸ ಅರ್ಧ ಮುಗಿಯುತ್ತದೆ. ಗಾಲಿಕುರ್ಚಿ ಬಳಸುವವರು, ನಿತ್ಯ ಔಷಧಿ ಬೇಕಾದವರು ‘ಇದು ನಮಗಲ್ಲ’ ಎಂದು ತಾವಾಗಿಯೇ ಹಿಂದೆ ಸರಿದುಬಿಡುತ್ತಾರೆ. ಅವರನ್ನು ಹುಡುಕಿಕೊಂಡು ಹೋಗಿ ಕೇಳಿ, ಹೊರದೇಶದ ಕಾಲೇಜಿನ ಸೌಲಭ್ಯದ ಬಗ್ಗೆ ನೀವೇ ಬರೆದು ತಿಳಿದುಕೊಳ್ಳಿ.

ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ

ಒಂದೂವರೆ ವರ್ಷ ಮೊದಲು: ಪಾಸ್‌ಪೋರ್ಟ್, ಭಾಷೆ ಕಲಿಕೆ, ವಿಭಾಗದ ಒಪ್ಪಿಗೆ.

ಒಂದು ವರ್ಷ ಮೊದಲು: ಭಾಷಾ ಪರೀಕ್ಷೆ, ಕಾಲೇಜಿನ ಒಳಗಿನ ಆಯ್ಕೆ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ತುಂಬಾ ಮೊದಲೇ ಬರೆದುಬಿಡುವುದೂ ಜಾಣತನವಲ್ಲ.

ಎಂಟು ಒಂಬತ್ತು ತಿಂಗಳು ಮೊದಲು: ಅಲ್ಲಿನ ಸಂಸ್ಥೆಗೆ ಅರ್ಜಿ. ವಿನಿಮಯದಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲು ಇಲ್ಲಿನ ಕಾಲೇಜು ಹೆಸರು ಸೂಚಿಸಬೇಕು, ಆಮೇಲೆ ವಿದ್ಯಾರ್ಥಿ ಅರ್ಜಿ ಹಾಕಬೇಕು. ಮೊದಲನೆಯದು ಆಯಿತೆಂದು ಎರಡನೆಯದನ್ನು ಮರೆಯುವವರು ಪ್ರತಿ ವರ್ಷ ಇರುತ್ತಾರೆ.

ಮೂರು ನಾಲ್ಕು ತಿಂಗಳು ಮೊದಲು: ವೀಸಾ, ವಾಸದ ವ್ಯವಸ್ಥೆ, ವಿಮೆ. ದಾಖಲೆಗಳಿಗೆ ಅಪಾಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಸರ್ಕಾರ ಹಾಕಿಕೊಡುವ ಮುದ್ರೆ, ಬೇಕಾಗಬಹುದು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ಆ ಒಂದು ಮುದ್ರೆ ಸಾಕು, ರಾಯಭಾರ ಕಚೇರಿಗಳನ್ನು ಸುತ್ತಬೇಕಿಲ್ಲ.

ಹೊರಡುವ ಮುಂಚೆ ಮೂರು ಪಕ್ಷಗಳೂ ಸಹಿ ಮಾಡಿದ ಕಲಿಕಾ ಒಪ್ಪಂದ ಕೈಯಲ್ಲಿರಬೇಕು: ವಿದ್ಯಾರ್ಥಿ, ಇಲ್ಲಿನ ಕಾಲೇಜು, ಅಲ್ಲಿನ ಕಾಲೇಜು. ಯಾವ ವಿಷಯ ಓದುತ್ತಾರೆ, ಅದು ಇಲ್ಲಿ ಯಾವುದಕ್ಕೆ ಸಮ ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿಗೆ ಹೋದ ಮೇಲೆ ಆ ವಿಷಯ ಈ ಸಲ ಇಲ್ಲ ಎಂದು ಹೇಳುವುದು ಮಾಮೂಲು. ಬದಲಾದ ಕೂಡಲೇ ಇಲ್ಲಿಯವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ ‘ಆಯ್ತು’ ವಾಪಸ್ ಬಂದಾಗ ಯಾರಿಗೂ ನೆನಪಿರುವುದಿಲ್ಲ. ಓದಿದ ಪ್ರತಿ ವಿಷಯದ ಪಠ್ಯಕ್ರಮವನ್ನೂ ಉಳಿಸಿಟ್ಟುಕೊಳ್ಳಲು ಹೇಳಿ.

ಔಷಧಿಯ ಬಗ್ಗೆ ಒಂದು ಮಾತು. ಒಂದು ದೇಶದಲ್ಲಿ ವೈದ್ಯರು ಬರೆದುಕೊಡುವ ಗುಳಿಗೆ ಇನ್ನೊಂದು ದೇಶದಲ್ಲಿ ನಿಷಿದ್ಧ ಇರಬಹುದು. ಎಡಿಎಚ್‌ಡಿಗೆ (ಗಮನ ಒಂದು ಕಡೆ ನಿಲ್ಲದ ತೊಂದರೆ) ಕೊಡುವ, ಆಂಫೆಟಮಿನ್ ಎಂಬ ಉತ್ತೇಜಕ ಇರುವ ಔಷಧಿಗಳನ್ನು, ವೈದ್ಯರ ಚೀಟಿ ಇದ್ದರೂ, ಜಪಾನ್‌ಗೆ ಒಯ್ಯುವಂತಿಲ್ಲ. ಟಿಕೆಟ್ ಮಾಡುವ ಮುಂಚೆಯೇ ಆ ದೇಶದ ರಾಯಭಾರ ಕಚೇರಿಯ ಮಾಹಿತಿ ನೋಡಿ, ವೈದ್ಯರ ಜೊತೆ ಮಾತಾಡಿಕೊಳ್ಳಲಿ. ಮಾತ್ರೆ ತಾನಾಗಿ ನಿಲ್ಲಿಸುವುದು ಬೇಡ.

ಹೋದ ಮೇಲೆ, ಬಂದ ಮೇಲೆ

ಹೋದ ಮೂರನೇ ವಾರ ಒಂದು ಸಣ್ಣ ಮೇಲ್ ಹಾಕಿ. ‘ಎಲ್ಲ ಸರಿ ಇದೆಯಾ?’ ಎಂದಲ್ಲ. ‘ಯಾವ ವಿಷಯಗಳಿಗೆ ಸೇರಿದಿರಿ, ವಾಸ ಎಲ್ಲಿ, ಅಲ್ಲಿ ಯಾರ ಜೊತೆ ಊಟ ಮಾಡುತ್ತೀರಿ?’ ಎಂದು. ಮೂರನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಫೋನ್ ಮಾಡಿ.

ವಾಪಸ್ ಬಂದವರ ಕಡೆ ಯಾರಿಗೂ ಗಮನ ಇರುವುದಿಲ್ಲ. ಮನೆಗೆ ಬಂದ ಮೇಲೆ ಎರಡನೇ ಸಲ ಕುಸಿತ ಬರುತ್ತದೆ ಎಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಸ್ನೇಹಿತರು ಎರಡು ದಿನ ಕಥೆ ಕೇಳುತ್ತಾರೆ, ಮೂರನೇ ದಿನ ‘ಸಾಕು ನಿನ್ನ ವಿದೇಶದ ಪುರಾಣ’ ಅನ್ನುತ್ತಾರೆ. ಅಂಕಪಟ್ಟಿ ತಡವಾಗಿ ಬಂದು ಫಲಿತಾಂಶ ತಡೆಹಿಡಿಯುತ್ತಾರೆ. ಅದನ್ನು ಬೆನ್ನುಹತ್ತುವ ಕೆಲಸ ನಿಮ್ಮದು, ಅವರದ್ದಲ್ಲ. ಕಲಿತದ್ದನ್ನು ಉದ್ಯೋಗ ಸಂದರ್ಶನದಲ್ಲಿ ಹೇಗೆ ಹೇಳಬೇಕು ಎಂದೂ ಕೂರಿಸಿ ಹೇಳಿಕೊಡಿ. ‘ಬಹಳ ಕಲಿತೆ’ ಅನ್ನುವುದು ಉತ್ತರವಲ್ಲ. ಬೇರೆ ಭಾಷೆಯ ಗುಂಪಿನಲ್ಲಿ ಯಾವ ಜಗಳ ಆಯಿತು, ಅದನ್ನು ಹೇಗೆ ಬಗೆಹರಿಸಿದೆ ಅನ್ನುವುದು ಉತ್ತರ.

ಬಂದ ಒಂದು ತಿಂಗಳೊಳಗೆ ಅವರಿಗೆ ಕೆಲಸ ಕೊಡಿ. ಮುಂದಿನ ಸೆಮಿಸ್ಟರ್‌ಗೆ ಬರುವ ಹೊಸಬರ ಪಟ್ಟಿ ಅಷ್ಟೊತ್ತಿಗೆ ನಿಮ್ಮ ಮೇಜಿನ ಮೇಲಿರುತ್ತದೆ. ಅದನ್ನು ಅವರ ಮುಂದಿಟ್ಟು ಯಾರಿಗೆ ಜೊತೆಗಾರರಾಗುತ್ತೀರಿ ಎಂದು ಕೇಳಿ. ಕೊನೆಯದಾಗಿ, ವರ್ಷಕ್ಕೊಮ್ಮೆ ನಿಮ್ಮ ಕೆಲಸ ಅಳೆಯುವಾಗ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂದಷ್ಟೇ ಬರೆಯಬೇಡಿ. ಬಂದವರಲ್ಲಿ ಎಷ್ಟು ಜನ ಓದು ಮುಗಿಸಿದರು, ಹೋದವರಲ್ಲಿ ಎಷ್ಟು ಜನರ ಕ್ರೆಡಿಟ್ ಪೂರ್ತಿ ಸೇರಿತು, ಸ್ಕಾಲರ್‌ಶಿಪ್ ಇಲ್ಲದಿದ್ದರೆ ಹೋಗಲಾಗದವರು ಎಷ್ಟು ಮಂದಿ ಹೋದರು, ಈ ಮೂರು ಅಂಕಿಗಳನ್ನೂ ಪಕ್ಕದಲ್ಲಿ ಬರೆಯಿರಿ. ಮುಂದಿನ ವರ್ಷದ ಬಜೆಟ್ ಕೇಳಲು ಹೋಗುವಾಗ ಅದೇ ಹಾಳೆ ತೆಗೆದುಕೊಂಡು ಹೋಗಿ.